ಕಳಚುವುದು ಬೇರೆ, ಅಳಿಸುವುದು ಬೇರೆ

ಕನ್ನಡದಲ್ಲಿ ‘ತೆಗೆ’ ಎಂಬ ಧಾತುವಿನಷ್ಟು ದುಡಿಯುವ ಧಾತು ಬೇರೊಂದಿಲ್ಲವೆಂದು ನಮಗೆ ಅನೇಕ ಸಲ ತೋರಿದೆ. ಬಾಗಿಲು ತೆಗೆದರೆ ಮನೆ ತೆರೆಯುತ್ತದೆ, ಕಸ ತೆಗೆದರೆ ಮನೆ ಹಸನಾಗುತ್ತದೆ, ಸಾಲ ತೆಗೆದರೆ ಮನೆ ಮುಳುಗುತ್ತದೆ. ಬಾವಿ ತೆಗೆಸುತ್ತೇವೆ, ಭಾವಚಿತ್ರ ತೆಗೆಸುತ್ತೇವೆ, ಹಳೆಯ ಮಾತು ತೆಗೆದು ಜಗಳ ತೆಗೆಯುತ್ತೇವೆ. ವಸ್ತು ಕಣ್ಣೆದುರಿಗಿರುವಾಗ ಈ ಅನೇಕಾರ್ಥದಿಂದ ಯಾರಿಗೂ ಬಾಧಕವಿಲ್ಲ. ‘ಪೆಟ್ಟಿಗೆ ತೆಗೆ’ ಎಂದರೆ ತೆರೆಯಬೇಕೋ, ಅಟ್ಟದಿಂದ ಇಳಿಸಬೇಕೋ, ಹೊರಗೆ ಹಾಕಬೇಕೋ ಎಂಬುದನ್ನು ಮನೆಯ ಸೊಸೆ ಹೇಳಿದವರ ಮುಖ ನೋಡಿಯೇ ತಿಳಿಯುತ್ತಾಳೆ. ಗಣಕಯಂತ್ರ ಮುಖ ನೋಡುವುದಿಲ್ಲ.

ಈ ಪೀಠಿಕೆಗೆ ಕಾರಣವಿದೆ. ಈಚೆಗೆ ನಮ್ಮ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯವನ್ನು ಕುರಿತಿದ್ದವು. ಒಂದು ಯಾದಗಿರಿಯ ಅಡತಿ ಅಂಗಡಿಯವರದು, ಒಂದು ಸುರಪುರದ ನಿವೃತ್ತ ಶಿಕ್ಷಕರದು, ಮತ್ತೊಂದು ಶಹಾಪುರದ ಒಬ್ಬ ತಾಯಿಯವರದು. ಮೇಜಿನ ಮೇಲಿನ ಗಣಕಯಂತ್ರದಲ್ಲಿರುವ ಇ-ಮೇಲ್ ತಂತ್ರಾಂಶದಿಂದ ಬೇಡವಾದ ಖಾತೆಗಳನ್ನೂ ಫೋಲ್ಡರುಗಳನ್ನೂ ‘ತೆಗೆಯುವುದು’ ಹೇಗೆಂದು ಮೂವರೂ ಕೇಳಿದ್ದಾರೆ. ಮೂವರ ಪದ ಒಂದೇ. ಮೂವರ ಅಭಿಪ್ರಾಯ ಬೇರೆ ಬೇರೆ. ನಾವು ಯಂತ್ರವಿದ್ಯೆಯ ಪಂಡಿತರಲ್ಲ, ಮಠದ ಪಾಠಶಾಲೆಯಲ್ಲಿ ಓಲೆಗರಿ ಬಿಡಿಸುತ್ತ ಬೆಳೆದವರು. ಆದರೂ ಎರಡು ದಶಕಗಳಿಂದ ಅಚ್ಚಿನ ಕರಡುಗಳು ನಮಗೆ ಇ-ಮೇಲಿನಲ್ಲಿಯೇ ಬಂದು ಹೋಗುತ್ತಿರುವುದರಿಂದ ಈ ವಿಷಯದಲ್ಲಿ ಒಂದಿಷ್ಟು ಪರಿಶ್ರಮವಾಗಿದೆ. ಅಲ್ಲದೆ ಗ್ರಂಥಸಂಪಾದನೆ ಮಾಡುವವನು ಯಾವ ಕಟ್ಟನ್ನು ಕೈಗೆತ್ತಿಕೊಂಡರೂ ಮೊದಲು ಕೇಳುವ ಪ್ರಶ್ನೆಯೇ ಇಲ್ಲಿಯೂ ಮೊದಲಿನದು: ಇದು ಏಕೈಕ ಪ್ರತಿಯೋ, ಬೇರೆ ಕಡೆಯೂ ಇದೆಯೋ?

ಆ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಪತ್ರ ವಾಸಿಸುವುದೆಲ್ಲಿ ಎಂಬುದನ್ನು ಅರಿಯಬೇಕು. ಇ-ಮೇಲ್ ತರಿಸಿಕೊಳ್ಳಲು ಎರಡು ಪದ್ಧತಿಗಳು ರೂಢಿಯಲ್ಲಿವೆ. ಮೊದಲನೆಯದು ‘ಪಾಪ್’, ಇದು ನಮ್ಮ ಭಾಗದ ಹಳೆಯ ಟಪಾಲಿನಂತೆ. ಟಪಾಲಿನವನು ಕಾಗದವನ್ನು ಮನೆಗೆ ಮುಟ್ಟಿಸಿದ ಮೇಲೆ ಅಂಚೆಕಚೇರಿಯಲ್ಲಿ ಅದರ ಕುರುಹೂ ಉಳಿಯುವುದಿಲ್ಲ. ಪಾಪ್ ಪದ್ಧತಿಯಲ್ಲಿಯೂ ಪತ್ರ ನಿಮ್ಮ ಯಂತ್ರಕ್ಕೆ ಇಳಿಯುತ್ತದೆ, ದೂರದ ಸರ್ವರಿನಲ್ಲಿ ಒಂದೋ ಉಳಿಯುವುದೇ ಇಲ್ಲ, ಇಲ್ಲವೇ ಕೆಲವು ದಿನಗಳ ಮಟ್ಟಿಗೆ ಉಳಿಯುತ್ತದೆ. ಎರಡನೆಯದು ‘ಐಮ್ಯಾಪ್’. ಇದನ್ನು ೧೯೮೬ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು ರೂಪಿಸಿದರು. ಇದರಲ್ಲಿ ಪತ್ರ ಸರ್ವರಿನಲ್ಲಿಯೇ ಇರುತ್ತದೆ. ನಿಮ್ಮ ಯಂತ್ರದಲ್ಲಿ ಕಾಣುವುದು ಅದರ ಪ್ರತಿಬಿಂಬ. ಕನ್ನಡಿಯನ್ನು ಗೋಡೆಯಿಂದ ಇಳಿಸಿದರೆ ಮುಖಕ್ಕೆ ಏನೂ ಆಗದು. ಆದರೆ ಈ ಕನ್ನಡಿಗೊಂದು ವಿಲಕ್ಷಣ ಗುಣವಿದೆ: ಬಿಂಬದ ಮೇಲಿನ ತಿಲಕವನ್ನು ಒರೆಸಿದರೆ ಮುಖದ ತಿಲಕವೂ ಅಳಿಯುತ್ತದೆ.

ಜನರ ಭಯ ಇಲ್ಲಿ ತಲೆಕೆಳಗಾಗಿರುವುದನ್ನು ನಾವು ಕಂಡಿದ್ದೇವೆ. ಖಾತೆಯನ್ನು ತೆಗೆಯಲು ಕೈ ನಡುಗುತ್ತದೆ. ಫೋಲ್ಡರನ್ನು ಮಾತ್ರ ‘ಒಂದು ಫೋಲ್ಡರ್ ತಾನೇ’ ಎಂದು ಲೀಲಾಜಾಲವಾಗಿ ಅಳಿಸುತ್ತಾರೆ. ಐಮ್ಯಾಪ್ ಖಾತೆಯಲ್ಲಿ ಮೊದಲನೆಯದು ನಿರಪಾಯ, ಎರಡನೆಯದು ಘಾತುಕ. ನಿಮ್ಮದು ಯಾವ ಪದ್ಧತಿಯೆಂದು ತಿಳಿಯುವುದು ಕಷ್ಟವಲ್ಲ. ಥಂಡರ್‌ಬರ್ಡ್ ಎಂಬ ತಂತ್ರಾಂಶದಲ್ಲಿ ‘ಅಕೌಂಟ್ ಸೆಟ್ಟಿಂಗ್ಸ್’ ತೆರೆದು, ಎಡಗಡೆಯಲ್ಲಿ ಆ ಖಾತೆಯ ಕೆಳಗಿರುವ ‘ಸರ್ವರ್ ಸೆಟ್ಟಿಂಗ್ಸ್’ ಒತ್ತಿದರೆ ಮೇಲ್ಭಾಗದಲ್ಲಿಯೇ ಸರ್ವರಿನ ಜಾತಿ ಪಾಪೋ ಐಮ್ಯಾಪೋ ಎಂದು ಬರೆದಿರುತ್ತದೆ. ಅದನ್ನು ಓದದೆ ಮುಂದಿನ ಯಾವ ಗುಂಡಿಯನ್ನೂ ಒತ್ತತಕ್ಕದ್ದಲ್ಲ.

ಈಗ ಯಾದಗಿರಿಯ ಅಂಗಡಿಗೆ ಬರೋಣ. ತೊಗರಿ, ಹತ್ತಿಯ ವ್ಯವಹಾರದ ಅಂಗಡಿ. ಗುಮಾಸ್ತರ ಮೇಜಿನ ಮೇಲೆ ಒಂದು ಹಳೆಯ ಯಂತ್ರ. ಅದರ ಥಂಡರ್‌ಬರ್ಡಿನಲ್ಲಿ ಐದು ಖಾತೆಗಳು: ಮಾಲೀಕರದು, ತಮ್ಮನದು, ಬಿಟ್ಟುಹೋದ ಗುಮಾಸ್ತನದು, ಮತ್ತೆರಡು ಯಾರದೆಂದು ಯಾರಿಗೂ ನೆನಪಿಲ್ಲ. ಬೆಳಿಗ್ಗೆ ಯಂತ್ರ ಹಚ್ಚಿದ ಕೂಡಲೆ ‘ಪಾಸ್‌ವರ್ಡ್ ಕೊಡಿ’ ಎಂಬ ಕಿಟಕಿ ಮೂರು ಸಲ ಏಳುತ್ತದೆ. ಅವರಿಗೆ ಬೇಕಾದುದು ಆ ಕಿಟಕಿಯ ನಿವಾರಣೆ, ಅಷ್ಟೆ.

ಇಂಥ ನಿರ್ಜೀವ ಖಾತೆಗಳು ನಮ್ಮ ಯಂತ್ರಗಳಲ್ಲಿ ಸೇರಿಕೊಂಡದ್ದಕ್ಕೆ ಒಂದು ಇತಿಹಾಸವುಂಟು. ವಿದೇಶ ಸಂಚಾರ ನಿಗಮವು ೧೯೯೫ರ ಆಗಸ್ಟ್ ೧೫ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಿತು. ದೂರವಾಣಿಯ ತಂತಿಯಲ್ಲಿ ನಿಮಿಷಕ್ಕೆ ಹಣ ತೆರುತ್ತಿದ್ದ ಆ ಕಾಲದಲ್ಲಿ ಪತ್ರಗಳನ್ನು ಸರಕ್ಕನೆ ಇಳಿಸಿಕೊಂಡು ತಂತಿ ಕಡಿಯುವುದೇ ಜಾಣತನವಾಗಿತ್ತು. ಪಾಪ್ ಪದ್ಧತಿ ಮನೆಮಾತಾದದ್ದು ಹಾಗೆ. ಆಮೇಲೆ ಹಲವು ಉಚಿತ ಸೇವೆಗಳು ಬಂದವು, ಕೆಲವು ಹೋದವು. ಇಂಡಿಯಾಟೈಮ್ಸ್‌ನ ಇ-ಮೇಲ್ ೨೦೧೩ರಲ್ಲಿ ನಿಂತಿತು. ಬದುಕಿರುವ ಸೇವೆಗಳೂ ನಿಯಮ ಬದಲಿಸಿದವು: ಬರಿಯ ಪಾಸ್‌ವರ್ಡ್ ಒಂದರಿಂದಲೇ ಹೊರಗಿನ ತಂತ್ರಾಂಶಗಳು ಒಳಬರುವುದನ್ನು ಜಿಮೇಲ್ ೨೦೨೨ರ ಮೇ ೩೦ರಿಂದ ನಿಲ್ಲಿಸುತ್ತ ಬಂದಿತು. ಹಳೆಯ ಏರ್ಪಾಡಿನ ಖಾತೆಗಳು ಅಂದಿನಿಂದ ಬಾಗಿಲು ಬಡಿಯುತ್ತಲೇ ಇವೆ, ಒಳಗಿನಿಂದ ಯಾರೂ ತೆಗೆಯುವುದಿಲ್ಲ.

ಕಳಚುವ ಕ್ರಮ ಸರಳ. ಅದೇ ‘ಅಕೌಂಟ್ ಸೆಟ್ಟಿಂಗ್ಸ್’ನಲ್ಲಿ ಬೇಡವಾದ ಖಾತೆಯ ಹೆಸರನ್ನು ಆಯ್ದು, ಕೆಳಗಿನ ‘ಅಕೌಂಟ್ ಆಕ್ಷನ್ಸ್’ನಲ್ಲಿ ‘ರಿಮೂವ್ ಅಕೌಂಟ್’ ಒತ್ತಬೇಕು. ಆಗ ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ಇಡೀ ಪ್ರಕರಣದ ಜೀವ ಅದರಲ್ಲಿದೆ. ಮೊದಲ ಸಾಲು ಖಾತೆಯ ಮಾಹಿತಿಯನ್ನು ತೆಗೆಯುವುದು. ಎಂದರೆ ತಂತ್ರಾಂಶವು ಆ ಖಾತೆಯನ್ನು ಮರೆಯುತ್ತದೆ, ಸರ್ವರಿನಲ್ಲಿರುವ ಖಾತೆಗೆ ಏನೂ ಆಗುವುದಿಲ್ಲ. ಎರಡನೆಯ ಸಾಲು ‘ರಿಮೂವ್ ಮೆಸೇಜ್ ಡೇಟಾ’. ಇದರ ಮುಂದಿನ ಚೌಕಕ್ಕೆ ಗುರುತು ಹಾಕಿದರೆ ಈ ಯಂತ್ರದ ಡಿಸ್ಕಿನಲ್ಲಿರುವ ಆ ಖಾತೆಯ ಪತ್ರಗಳೆಲ್ಲವೂ ನಾಶವಾಗುತ್ತವೆ. ಐಮ್ಯಾಪ್ ಖಾತೆಗೆ, ಅದರ ಸರ್ವರ್ ಜೀವಂತವಾಗಿದ್ದರೆ, ಗುರುತು ಹಾಕಿದರೂ ಚಿಂತೆಯಿಲ್ಲ. ಪಾಪ್ ಖಾತೆಗೆ ಹಾಕಿದರೆ ಏಕೈಕ ಪ್ರತಿಗೆ ಬೆಂಕಿ ಇಟ್ಟಂತೆ. ನಿಂತುಹೋದ ಸೇವೆಯ ಖಾತೆಯಾದರಂತೂ, ಅದು ಯಾವ ಪದ್ಧತಿಯದಾದರೂ ಸರಿ, ಯಂತ್ರದಲ್ಲಿರುವುದೇ ಕಡೆಯ ಪ್ರತಿಯೆಂದು ಭಾವಿಸಬೇಕು.

ಹಾಗೆಂದು ಗುರುತು ಹಾಕದೆ ಬಿಟ್ಟರೆ ಎಲ್ಲವೂ ಸುಸೂತ್ರವೆಂದಲ್ಲ. ಖಾತೆಯ ಹೆಸರು ಪಟ್ಟಿಯಿಂದ ಮಾಯವಾಗುತ್ತದೆ, ಪತ್ರಗಳು ಡಿಸ್ಕಿನ ಒಂದು ಮೂಲೆಯಲ್ಲಿ ಕಾಣದಂತೆ ಉಳಿಯುತ್ತವೆ. ನಮ್ಮ ಸೀಮೆಯ ಹಿರಿಯರಿಗೆ ಹಗೇವು ಗೊತ್ತಿದೆ. ಬಾಯಿಗೆ ಮಣ್ಣು ಮುಚ್ಚಿದ ಮೇಲೆ ಅದರ ಮೇಲೆ ದನ ಕಟ್ಟಿದರೂ ಒಳಗೆ ಜೋಳವಿದೆಯೆಂದು ತಿಳಿಯದು. ಯಂತ್ರವನ್ನು ಗುಜರಿಯವನಿಗೆ ಕೊಡುವಾಗ ಇಂಥ ಹಗೇವು ಒಳಗುಳಿದಿದ್ದರೆ ಮನೆಯ ಲೆಕ್ಕಪತ್ರಗಳೆಲ್ಲ ಪರರ ಕೈಸೇರುತ್ತವೆ. ಉಳಿಸಿದ ಪಾಸ್‌ವರ್ಡುಗಳ ಪಟ್ಟಿಯಲ್ಲಿಯೂ, ಪತ್ರ ಕಳುಹಿಸುವ ಸರ್ವರುಗಳ ಪಟ್ಟಿಯಲ್ಲಿಯೂ ಹಳೆಯ ಹೆಸರು ಉಳಿದಿರಬಹುದು. ಅವನ್ನೂ ನೋಡಿ ತೆಗೆಯುವುದು ಲೇಸು.

ಮೈಕ್ರೊಸಾಫ್ಟಿನ ಹಳೆಯ ಮಾದರಿಯ ಔಟ್‌ಲುಕ್ ಇಟ್ಟುಕೊಂಡವರಿಗೂ ನೀತಿ ಇದೇ. ‘ಫೈಲ್’ ಒಳಗಿನ ‘ಅಕೌಂಟ್ ಸೆಟ್ಟಿಂಗ್ಸ್’ನಲ್ಲಿ ‘ರಿಮೂವ್’ ಒತ್ತಬೇಕು. ಐಮ್ಯಾಪ್ ಖಾತೆಯಾದರೆ ಯಂತ್ರದಲ್ಲಿನ ನಕಲು ಹೋಗುತ್ತದೆ. ಪಾಪ್ ಖಾತೆಯಾದರೆ ಪತ್ರಗಳ ಪಿ.ಎಸ್.ಟಿ. ಕಡತ ಡಿಸ್ಕಿನಲ್ಲಿ ಉಳಿಯುತ್ತದೆ.

ಅಂಗಡಿಯವರಿಗೆ ನಾವು ಎರಡು ಮಾತು ಹೆಚ್ಚಾಗಿ ಬರೆದೆವು. ಬೇಡವೆಂದು ಕಳಚುವ ಖಾತೆಯ ವಿಳಾಸವನ್ನೇ ಜಿ.ಎಸ್.ಟಿ. ನೋಂದಣಿಗೆ, ಬ್ಯಾಂಕಿಗೆ, ಆದಾಯ ತೆರಿಗೆಗೆ ಕೊಟ್ಟಿದ್ದೀರೋ ಎಂದು ಮೊದಲು ನೋಡಿರಿ. ಒಟಿಪಿ ಅಲ್ಲಿಗೇ ಹೋಗಿ ಬೀಳುತ್ತಿದ್ದರೆ ಮೊದಲು ವಿಳಾಸ ಬದಲಿಸಿ ಆಮೇಲೆ ಕಳಚಬೇಕು. ಇನ್ನೊಂದು ತಮ್ಮನ ಜಿಮೇಲ್ ಖಾತೆಯನ್ನು ಕುರಿತದ್ದು. ಅದನ್ನು ಈ ಯಂತ್ರವಲ್ಲದೆ ಬೇರೆಲ್ಲಿಯೂ ಯಾರೂ ತೆರೆಯುವುದಿಲ್ಲ. ವೈಯಕ್ತಿಕ ಖಾತೆಯನ್ನು ಎರಡು ವರ್ಷ ಯಾರೂ ಬಳಸದಿದ್ದರೆ ಅದನ್ನು ಪತ್ರಗಳ ಸಮೇತ ಅಳಿಸಬಹುದೆಂದು ಗೂಗಲ್ ೨೦೨೩ರಲ್ಲಿ ನಿಯಮ ಮಾಡಿ, ಆ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದಿದೆ. ಇಂದು ಕನ್ನಡಿ ಇಳಿಸಿದ್ದರಿಂದ ಮುಖಕ್ಕೆ ಏನೂ ಆಗದೆಂಬುದು ನಿಜ. ಆದರೆ ಆ ಮೇಲೆ ಮುಖವನ್ನು ವಿಚಾರಿಸುವವರೇ ಇಲ್ಲವಾದರೆ? ತಮ್ಮನ ಫೋನಿನಲ್ಲಾದರೂ ಅದನ್ನು ತೆರೆದಿಡಿರೆಂದು ತಿಳಿಸಿದ್ದೇವೆ.

ಸುರಪುರದ ಶಿಕ್ಷಕರ ಪತ್ರ ಓದಿ ನಮಗೆ ವ್ಯಥೆಯಾಯಿತು. ಅವರು ಕೇಳಿದ್ದು ಹೇಗೆ ತೆಗೆಯಬೇಕೆಂದಲ್ಲ, ತೆಗೆದದ್ದು ಮರಳಿ ಬರುವುದೋ ಎಂದು. ಡಿಸ್ಕಿನಲ್ಲಿ ಸ್ಥಳ ಸಾಲದೆಂದು ಏಳೆಂಟು ಫೋಲ್ಡರುಗಳನ್ನು ಅಳಿಸಿದರು. ಫೋನಿನಲ್ಲಿ ಹೇಗೂ ಅವೆಲ್ಲ ಇವೆಯೆಂಬ ಧೈರ್ಯ. ಸಂಜೆ ನೋಡಿದರೆ ಫೋನಿನಲ್ಲಿಯೂ ಇಲ್ಲ. ಐಮ್ಯಾಪ್ ಖಾತೆ, ಯಂತ್ರದ ಕನ್ನಡಿಯಲ್ಲಿ ಒರೆಸಿದ್ದು ಸರ್ವರಿನಲ್ಲಿ ಅಳಿಯಿತು, ಸರ್ವರಿನಲ್ಲಿ ಅಳಿದದ್ದು ಫೋನಿನ ಕನ್ನಡಿಯಿಂದಲೂ ಹೋಯಿತು. ಹಳೆಯ ವಿದ್ಯಾರ್ಥಿಗಳು ಹುಬ್ಬಳ್ಳಿಯಿಂದ, ಪುಣೆಯಿಂದ, ಹೈದರಾಬಾದಿನಿಂದ ವರ್ಷಾನುವರ್ಷ ಬರೆದ ಪತ್ರಗಳು ಆ ಫೋಲ್ಡರುಗಳಲ್ಲಿದ್ದವಂತೆ.

ಇಂಥ ಪ್ರಸಂಗದಲ್ಲಿ ಮೊದಲು ನೋಡತಕ್ಕದ್ದು ‘ಟ್ರ್ಯಾಶ್’. ಥಂಡರ್‌ಬರ್ಡಿನಲ್ಲಿ ಅಳಿಸಿದ ಫೋಲ್ಡರ್ ಒಮ್ಮೆಲೇ ನಾಶವಾಗದೆ ಸಾಮಾನ್ಯವಾಗಿ ಟ್ರ್ಯಾಶಿನ ಒಳಫೋಲ್ಡರಾಗಿ ಕೂಡುತ್ತದೆ. ಅಲ್ಲಿಂದ ಎಳೆದು ಮೊದಲಿನ ಜಾಗಕ್ಕೆ ತರಬಹುದು. ಜಿಮೇಲ್ ಬಳಸುವವರಿಗೆ ಇನ್ನೊಂದು ಅನುಕೂಲವುಂಟು. ಅಲ್ಲಿ ಫೋಲ್ಡರೆಂಬುದು ನಿಜವಾಗಿ ಪತ್ರಕ್ಕೆ ಹಚ್ಚಿದ ಚೀಟಿ. ಜಿಮೇಲಿನ ಪುಟದಲ್ಲಿ ಚೀಟಿ ಕಿತ್ತರೂ ಪತ್ರ ‘ಆಲ್ ಮೇಲ್’ನಲ್ಲಿ ಇರುತ್ತದೆ. ಟ್ರ್ಯಾಶಿಗೇ ಹೋದ ಪತ್ರವನ್ನಾದರೆ ಜಿಮೇಲ್ ೩೦ ದಿನಗಳ ಮೇಲೆ ತಾನಾಗಿ ಅಳಿಸುತ್ತದೆ. ಶಿಕ್ಷಕರದು ಜಿಮೇಲಲ್ಲ, ಮೇಲಾಗಿ ಅವರು ಶಿಸ್ತಿನವರು. ಅಂದೇ ಟ್ರ್ಯಾಶನ್ನೂ ಬರಿದು ಮಾಡಿದ್ದರು.

ಅವರಿಗೆ ಬರೆಯುವಾಗ ನಮಗೆ ಅವರ ಊರಿನದೇ ಒಂದು ಪ್ರಸಂಗ ನೆನಪಾಯಿತು. ಸುರಪುರದ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ ಮೆಡೋಸ್ ಟೇಲರ್ ಸಾಹೇಬನನ್ನು ಅಲ್ಲಿಯವರು ಬಲ್ಲರು. ಅವನು ೧೮೪೧ರಲ್ಲಿ ಅಲ್ಲಿಗೆ ಬಂದು, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ನೋಡಿಕೊಂಡು, ೧೮೫೩ರವರೆಗೆ ಇದ್ದನು. ಆ ಅವಧಿಯಲ್ಲಿ ಅವನು ಇಂಗ್ಲೆಂಡಿನಲ್ಲಿದ್ದ ತನ್ನ ಬಂಧು ಹೆನ್ರಿ ರೀವನಿಗೆ ಕಾಗದಗಳನ್ನು ಬರೆಯುತ್ತಿದ್ದನು. ಆ ಕಾಗದಗಳು ಸರ್ ಪ್ಯಾಟ್ರಿಕ್ ಕ್ಯಾಡೆಲ್ ಅವರ ಸಂಪಾದಕತ್ವದಲ್ಲಿ ೧೯೪೭ರಲ್ಲಿ ಪುಸ್ತಕವಾಗಿ ಅಚ್ಚಾದವು. ಸುರಪುರದ ಗುಡ್ಡದಲ್ಲಿ ಹುಟ್ಟಿದ ಕಾಗದಗಳು ಉಳಿದದ್ದು ಅವು ಹೋಗಿ ಮುಟ್ಟಿದ ಮನೆಯಲ್ಲಿ. ಪತ್ರಕ್ಕೆ ಎರಡು ಮನೆ ಯಾವಾಗಲೂ ಇರುತ್ತವೆ, ಇ-ಮೇಲಿಗೂ ಹಾಗೆಯೇ. ಬರೆದವನ ‘ಸೆಂಟ್’ ಫೋಲ್ಡರಿನಲ್ಲಿ ಅದರ ಪ್ರತಿ ಬಿದ್ದಿರುತ್ತದೆ. ವಿದ್ಯಾರ್ಥಿಗಳಿಗೆ ಸಂಕೋಚಪಡದೆ ಕೇಳಿರಿ, ಹಳೆಯ ಪತ್ರಗಳನ್ನು ಮತ್ತೆ ಕಳುಹಿಸಲು ಹೇಳಿರಿ ಎಂದು ಬರೆದೆವು. ಇದುವರೆಗೆ ಇಬ್ಬರು ಕಳುಹಿಸಿದ್ದಾರೆಂದು ಶಿಕ್ಷಕರು ಕಾರ್ಡು ಬರೆದಿದ್ದಾರೆ. (ಇ-ಮೇಲಲ್ಲ, ಕಾರ್ಡು!)

ಅವರಿಗೆ ನಿಜವಾಗಿ ಬೇಕಾಗಿದ್ದುದು ಸ್ಥಳ ಮಾತ್ರ. ಅದಕ್ಕೆ ಫೋಲ್ಡರನ್ನು ಅಳಿಸುವ ಪ್ರಮೇಯವೇ ಇರಲಿಲ್ಲ. ಐಮ್ಯಾಪಿನಲ್ಲಿ ‘ಸಬ್‌ಸ್ಕ್ರೈಬ್’ ಎಂಬ ಪಟ್ಟಿಯೊಂದಿದೆ; ಅದರಲ್ಲಿ ಒಂದು ಫೋಲ್ಡರಿನ ಮುಂದಿನ ಗುರುತನ್ನು ತೆಗೆದರೆ ಫೋಲ್ಡರ್ ಕಣ್ಣಿಗೆ ಮರೆಯಾಗುತ್ತದೆ, ಸರ್ವರಿನಲ್ಲಿ ಸುರಕ್ಷಿತವಾಗಿರುತ್ತದೆ. ಅಲ್ಲದೆ ಪತ್ರ ಅಳಿಸಿದ ಮಾತ್ರಕ್ಕೆ ಡಿಸ್ಕಿನಲ್ಲಿ ಜಾಗ ಬಿಡುವಾಗುವುದಿಲ್ಲವೆಂಬುದನ್ನು ಬಹಳ ಜನ ಅರಿಯರು. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಪತ್ರಗಳನ್ನೆಲ್ಲ ಒಂದೇ ಉದ್ದನೆಯ ಕಡತದಲ್ಲಿ ಸಾಲಾಗಿ ಬರೆದಿಡುತ್ತದೆ. ಅಳಿಸಿದ್ದಕ್ಕೆ ಲೆಕ್ಕದ ವಹಿಯಲ್ಲಿ ಹೊಡೆದುಹಾಕಿದಂತೆ ಗೆರೆ ಎಳೆಯುತ್ತದೆಯೇ ಹೊರತು ಹಾಳೆ ಹರಿಯುವುದಿಲ್ಲ. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಕಾಂಪ್ಯಾಕ್ಟ್’ ಎಂದರೆ ಉಳಿದ ಸಾಲುಗಳನ್ನು ಮಾತ್ರ ಹೊಸ ವಹಿಗೆ ಎತ್ತಿ ಬರೆಯುತ್ತದೆ. ಸ್ಥಳ ಆಗ ಸಿಗುತ್ತದೆ. ಇನ್ನು ‘ಇನ್‌ಬಾಕ್ಸ್’ನಂಥ ಮೂಲ ಫೋಲ್ಡರುಗಳನ್ನು ಅಳಿಸಲು ತಂತ್ರಾಂಶ ಬಿಡುವುದಿಲ್ಲ, ‘ಲೋಕಲ್ ಫೋಲ್ಡರ್ಸ್’ ಎಂಬುದನ್ನೂ ಪಟ್ಟಿಯಿಂದ ಕಳಚಲು ಬರುವುದಿಲ್ಲ. ಇದು ದೋಷವೆಂದು ಕೆಲವರು ಗೊಣಗುತ್ತಾರೆ. ಅದು ಎಷ್ಟು ಉಪಕಾರಿಯೆಂಬುದು ಶಹಾಪುರದಲ್ಲಿ ತಿಳಿಯಿತು.

ಶಹಾಪುರದ ತಾಯಿಯವರ ಯಜಮಾನರು ತೀರಿಕೊಂಡು ನಾಲ್ಕು ವರ್ಷ. ಅವರು ಬಳಸುತ್ತಿದ್ದ ಯಂತ್ರ ಪಡಸಾಲೆಯ ಮೂಲೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕುಳಿತಿತ್ತು. ರಜೆಗೆ ಬಂದ ಮೊಮ್ಮಗ ಅದನ್ನು ತನ್ನ ಓದಿಗೆ ಹಸನು ಮಾಡಿಕೊಳ್ಳಲು ಹೊರಟ. ಅಜ್ಜನ ಖಾತೆಯಲ್ಲಿ ‘ಪರದೇಶ’ ಎಂಬ ಒಂದು ಫೋಲ್ಡರ್. ತೆರೆದರೆ ಪತ್ರಗಳಲ್ಲೆಲ್ಲ ರೋಮನ್ ಅಕ್ಷರ, ಅಂಕಿ, ಚಿಹ್ನೆಗಳ ಕಲಸುಮೇಲೋಗರ, ಒಂದು ಪದಕ್ಕೂ ಅರ್ಥವಿಲ್ಲ. ಇವೆಲ್ಲ ವೈರಸ್ಸಿನ ಕಸವೆಂದು ಅವನ ತೀರ್ಮಾನ. ಅಜ್ಜಿ ಮಾತ್ರ ಒಪ್ಪಲಿಲ್ಲ. ಆಕೆ ದೂರವಾಣಿಯಲ್ಲಿ ನಮ್ಮನ್ನು ಕೇಳಿದ ಮಾತು ಇಷ್ಟೇ: “ಗುರುಗಳ, ಇದನ್ನ ತಗದ್ರ ಅವರ ಕಾಗದ ಹೋಗ್ತಾವೇನ್ರಿ? ಅಮೆರಿಕಾದಿಂದ ಮಗ ಬರೀತಿದ್ದ, ಇವರು ಓದಿ ಹೇಳ್ತಿದ್ರು.”

ಓದಿ ಹೇಳುತ್ತಿದ್ದರು ಎಂದ ಮೇಲೆ ಓದಲು ಬರುತ್ತಿದ್ದವೆಂದೇ ಅರ್ಥ. ಹಳೆಯ ಕಡತಗಳೊಡನೆ ವ್ಯವಹರಿಸಿದವರಿಗೆ ಉಳಿದದ್ದು ಹೊಳೆಯುತ್ತದೆ. ೧೯೯೮ರಲ್ಲಿ ‘ಬರಹ’ ಬಂದಿತು, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಯುನಿಕೋಡ್ ಎಲ್ಲೆಡೆ ಹಬ್ಬುವ ಮೊದಲು ಇವುಗಳಲ್ಲಿ ಕನ್ನಡವನ್ನು ಬರೆಯುತ್ತಿದ್ದುದು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿದ ಫಾಂಟುಗಳಿಂದ. ಆ ಫಾಂಟು ಇದ್ದ ಯಂತ್ರದಲ್ಲಿ ಅದು ಅಚ್ಚುಕಟ್ಟಾದ ಕನ್ನಡ. ಯಾರೋ ವಿಂಡೋಸನ್ನು ಹೊಸದಾಗಿ ಹಾಕುವಾಗ ಫಾಂಟು ಹೋಯಿತೆಂದರೆ ಅದೇ ಪತ್ರ ಗೊಂದಲದ ಗೂಡು. ಬರೆದದ್ದು ಕೆಟ್ಟಿರುವುದಿಲ್ಲ, ಓದುವ ಕಣ್ಣು ಹೋಗಿರುತ್ತದೆ. ಮೋಡಿ ಲಿಪಿಯ ಕಾಗದವನ್ನು ಓದಲಾರದವನು ಅದು ಬರವಣಿಗೆಯೇ ಅಲ್ಲವೆಂದರೆ ಒಪ್ಪಲಾದೀತೇ? ೨೦೦೦ದ ದಶಕದ ಎಷ್ಟೋ ಕನ್ನಡ ಪತ್ರಗಳು ಕರ್ನಾಟಕದ ಮನೆಮನೆಗಳ ಯಂತ್ರಗಳಲ್ಲಿ ಈ ಅವಸ್ಥೆಯಲ್ಲಿವೆ. ಕಸವೆಂದು ಮೊದಲು ಅಳಿಯುವುವೂ ಅವೇ.

ಖಾತೆ ಪಾಪ್ ಪದ್ಧತಿಯದು. ಮಗನ ಕಡೆಯ ಪ್ರತಿಗಳು ಅವನು ಬಿಟ್ಟ ಹಳೆಯ ಕೆಲಸದ ಖಾತೆಯೊಡನೆ ಹೋಗಿದ್ದವು. ಟೇಲರನ ಕಾಗದಗಳಿಗೆ ಒದಗಿದ ಎರಡನೆಯ ಮನೆ ಇವಕ್ಕೆ ಇರಲಿಲ್ಲ; ಪಡಸಾಲೆಯ ಮೂಲೆಯ ಆ ಯಂತ್ರವೇ ಏಕೈಕ ಆಶ್ರಯ.

ಮೊಮ್ಮಗ ಬುದ್ಧಿವಂತ, ಹೇಳಿದ್ದನ್ನು ಹೇಳಿದ ಕ್ರಮದಲ್ಲಿ ಮಾಡಿದನು. ‘ಲೋಕಲ್ ಫೋಲ್ಡರ್ಸ್’ನ ಕೆಳಗೆ ಹೊಸ ಫೋಲ್ಡರ್ ಮಾಡಿ ಅದಕ್ಕೆ ಅಜ್ಜನ ಹೆಸರಿಟ್ಟನು. ‘ಪರದೇಶ’ದ ಪತ್ರಗಳನ್ನೆಲ್ಲ ಆಯ್ದು ‘ಕಾಪಿ ಟು’ ಮೂಲಕ ಅಲ್ಲಿಗೆ ನಕಲು ಮಾಡಿ, ಎರಡೂ ಕಡೆ ಪತ್ರಗಳ ಸಂಖ್ಯೆ ಸರಿಯಾಗಿದೆಯೇ ಎಂದು ಎಣಿಸಿದನು. ಅನಂತರ ಥಂಡರ್‌ಬರ್ಡನ್ನು ಮುಚ್ಚಿ, ಅದರ ‘ಪ್ರೊಫೈಲ್’ ಎಂಬ ಸಮಗ್ರ ಫೋಲ್ಡರನ್ನು ಎರಡು ಪೆನ್‌ಡ್ರೈವ್‌ಗಳಿಗೆ ಇಳಿಸಿದನು. ಒಂದು ಮನೆಯಲ್ಲಿ, ಒಂದು ಮಗನ ಬಳಿಗೆ. ಇಷ್ಟಾದ ಮೇಲೆ ‘ರಿಮೂವ್ ಅಕೌಂಟ್’. ಪಾಸ್‌ವರ್ಡ್ ಕೇಳುವ ಕಿಟಕಿ ನಿಂತಿತು, ಪತ್ರಗಳು ನಿಂತವು. ಅಕ್ಷರಗಳನ್ನು ಯುನಿಕೋಡಿಗೆ ಮಾರ್ಪಡಿಸುವ ಸಾಧನ ‘ನುಡಿ’ಯಲ್ಲಿಯೂ ‘ಬರಹ’ದಲ್ಲಿಯೂ ಇದೆ, ಪತ್ರದ ಪಾಠವನ್ನು ಅದಕ್ಕೆ ಕೊಟ್ಟು ಒಂದೊಂದನ್ನೇ ತಿರುಗಿಸಬೇಕು, ತಾಳ್ಮೆಯ ಕೆಲಸ. ಕೆಲವು ಒತ್ತಕ್ಷರಗಳು ಪಲ್ಲಟವಾಗುತ್ತವೆ, ಕೈಯಿಂದ ತಿದ್ದಬೇಕು.

ಮೊದಲು ತಿರುಗಿಸಿದ್ದು ೨೦೦೬ರ ಪತ್ರ. ಅಲ್ಲಿ ಬಿಳಿಜೋಳದ ಹಿಟ್ಟು ದೊರೆಯುವುದಿಲ್ಲವೆಂದೂ, ದೊರೆತ ಬೇರೆ ಹಿಟ್ಟು ರೊಟ್ಟಿ ಬಡಿಯುವಾಗ ಬಿರಿಯುತ್ತದೆಯೆಂದೂ, ನೀರು ಎಷ್ಟು ಕುದಿಸಬೇಕೆಂದು ಅವ್ವನನ್ನು ಕೇಳಿ ಬರೆಯಬೇಕೆಂದೂ ಮಗನು ತಂದೆಗೆ ಬರೆದಿದ್ದಾನೆ. ಮೊಮ್ಮಗ ಅದನ್ನು ಗಟ್ಟಿಯಾಗಿ ಓದಿದಾಗ ಅಜ್ಜಿ ನಕ್ಕು, ಆ ಪತ್ರಕ್ಕೆ ಉತ್ತರ ಹೋಗಿದ್ದು ತನ್ನ ಬಾಯಿಂದಲೇ ಎಂದರಂತೆ. ಆ ಉತ್ತರ ‘ಸೆಂಟ್’ ಫೋಲ್ಡರಿನಲ್ಲಿ ಇರಬೇಕು. ಮೊಮ್ಮಗ ಈಗ ಅದನ್ನು ಹುಡುಕುತ್ತಿದ್ದಾನೆ.